ಕಚ್ಚಿದ ಗಾಯ

"ಬಿಡಿ ಅತ್ತಿಗೆ, ತಟ್ಟೆ ಮೇಲೇ ಬೀಳ್ತೀನಿ ನಾನು!"

ಅವಳು ಬಿಡಲಿಲ್ಲ. ಮೈದುನನ ಎಡಗೈಯ ಮಣಿಕಟ್ಟನ್ನು ಊಟದ ಮೇಜಿನ ಅಡ್ಡಕ್ಕೆ ತನ್ನ ಕಡೆ ಎಳೆದುಕೊಂಡಳು. ನೀರಿನ ಲೋಟ ಉರುಳಿ ಅವನ ತೊಡೆಯ ಮೇಲೆ ಸುರಿಯಿತು. ತೋರುಬೆರಳಿಗೆ ಐಸ್ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ನೋಡದೆಯೇ ಪಾತ್ರೆ ತೊಳೆಯುವ ತೊಟ್ಟಿಯ ಕಡೆ ಎಸೆದಳು. ಬೆರಳು ಅರ್ಧ ಮಡಿಸಿಕೊಂಡು ನಿಂತಿತ್ತು. ಊದಿತ್ತು. ಆದರೆ ಊದಿದ ಬೆರಳು ಕೆಂಪಗಿರಬೇಕಲ್ಲ? ಇದು ಬೆಳ್ಳಗಿತ್ತು, ಮೇಣದ ಬತ್ತಿಯ ಹಾಗೆ. ತುದಿಯಲ್ಲಿ, ಪೆನ್ಸಿಲ್ ಮೊನೆ ತಾಗಿಸಿದಷ್ಟೇ ದೊಡ್ಡದಾದ ಒಂದು ಚುಕ್ಕೆ. ಅಷ್ಟೇ.

"ಇಲ್ಲಿ ಒತ್ತಿದ್ರೆ ಗೊತ್ತಾಗುತ್ತಾ?"

"ಯಾರ ಬೆರಳು ಒತ್ತುತಾ ಇದೀರಿ?" ಮೈದುನ ನಕ್ಕ. "ನೋವೇ ಇಲ್ಲ ಅತ್ತಿಗೆ. ಬೆಳಿಗ್ಗೆಯಿಂದ ಅದು ನನ್ನ ಬೆರಳೇ ಅಲ್ಲ ಅನ್ನೋ ಹಾಗಿದೆ. ಬಾಡಿಗೆಗೆ ಬಂದಿದೆ ಅನ್ಕೊಳ್ಳಿ."

ಅವಳು ನಗಲಿಲ್ಲ. ತುದಿಯನ್ನು ಗಟ್ಟಿಯಾಗಿ ಒತ್ತಿ ಬಿಟ್ಟಳು. ಒತ್ತಿ ಬಿಟ್ಟ ಜಾಗಕ್ಕೆ ರಕ್ತ ಓಡಿ ಬರಬೇಕು, ಎರಡು ಎಣಿಸುವುದರೊಳಗೆ ಬರಬೇಕು. ಹತ್ತು ಎಣಿಸಿದಳು. ಬರಲಿಲ್ಲ.

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಹೊರಗೆ ಬಂದರು. ತೊಟ್ಟಿಯಲ್ಲಿ ಬಿದ್ದ ಐಸನ್ನು ನೋಡಿದರು, ಸೊಸೆಯ ಕೈಯನ್ನು ನೋಡಿದರು. "ಏನು ನಡೀತಿದೆ ಇಲ್ಲಿ? ಆ ಐಸ್ ಕಟ್ಟಿದ್ದು ನಾನು. ದೊಡ್ಡವನೇ ಹೇಳಿ ಕಳಿಸಿದಾನೆ, ಊದಿದ್ರೆ ಐಸ್ ಇಡಿ ಅಂತ. ಬೆಳಿಗ್ಗೆನೇ ಅವನು ನೋಡಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದಾಯ್ತು. ಹೆಣ ಕೊಯ್ಯೋ ಕೈಯಲ್ಲಿ ನನ್ನ ಮಗನ್ನ ಯಾಕೆ ಹಿಡ್ಕೊಂಡಿದೀಯ?"

ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಅವಳು 'ಹೆಣದ ಡಾಕ್ಟರು'. ಗಂಡ ಮಾತ್ರ 'ಡಾಕ್ಟರು'. ಇಬ್ಬರದೂ ಒಂದೇ ಆಸ್ಪತ್ರೆ; ಅವನು ಮುಂಬಾಗಿಲಿನ ತುರ್ತು ವಿಭಾಗದಲ್ಲಿ, ಅವಳು ಹಿಂಬಾಗಿಲಿನ ಶವಾಗಾರದಲ್ಲಿ. ಅವನ ಕೈ ಮೀರಿದವರು ಅವಳ ಕೈಗೆ ಬರುತ್ತಾರೆ ಎಂದು ಅತ್ತೆ ನೆಂಟರೆದುರು ನಗುತ್ತಾ ಹೇಳುವುದಿತ್ತು. ಆ ನಗೆ ಅವಳಿಗೆ ರೂಢಿಯಾಗಿತ್ತು. ಇಂದು ಅತ್ತೆಯ ಮಾತು ಕಿವಿಗೂ ಬೀಳಲಿಲ್ಲ.

"ಚೀಟಿ ಎಲ್ಲಿದೆ?"

ಮೈದುನ ಅಂಗಿಯ ಜೇಬಿನಿಂದ ತೆಗೆದುಕೊಟ್ಟ. ಗಂಡನದೇ ಅಕ್ಷರ. ಎಡಗೈ ತೋರುಬೆರಳು, ಕಚ್ಚಿದ ಗಾಯ. ಧನುರ್ವಾತದ ಇಂಜೆಕ್ಷನ್ ಒಂದು, ಅಲರ್ಜಿಯ ಮಾತ್ರೆ ಮೂರು ದಿನ.

"ಏನು ಕಚ್ಚಿದ್ದು ನಿನಗೆ?"

"ಗನ್ನು."

"ಏನು?"

"ಸ್ಪ್ರೇ ಗನ್ ಅತ್ತಿಗೆ! ಮೂತಿ ಕಟ್ಕೊಂಡಿತ್ತು, ಬೆರಳಲ್ಲಿ ಒರೆಸೋಕೆ ಹೋದೆ, ಕಚ್ಚಿಬಿಡ್ತು. ನಮ್ಮ ಶೆಡ್ಡಲ್ಲಿ ಎಲ್ಲರೂ ಹಾಗೇ ಅಲ್ವಾ ಹೇಳೋದು? ಗನ್ ಕಚ್ಚಿತು, ಗನ್ ಉಗುಳಿತು, ಗನ್ ಮುನಿಸ್ಕೊಂಡಿತು... ಯಾವಾಗ್ಲೂ ಚರ್ಮ ಸವರಿ ಹೋಗೋದು, ಈ ಸಲ ಸ್ವಲ್ಪ ಒಳಗೇ ಹಲ್ಲಿಟ್ಟಿದೆ."

ಅವನು ಬಸ್ಸುಗಳಿಗೆ ಮೈ ಕಟ್ಟುವ ಶೆಡ್ಡಿನಲ್ಲಿ ಬಣ್ಣದ ಕೆಲಸಗಾರ. ಅಲ್ಲಿನ ಹೊಸ ಯಂತ್ರ ಕೂದಲೆಳೆಯಂಥ ತೂತಿನಿಂದ ಬಣ್ಣವನ್ನು ಅದೆಷ್ಟು ರಭಸದಿಂದ ನೂಕುತ್ತದೆಂದರೆ, ಒಂದಿಡೀ ಬಸ್ಸು ಮಧ್ಯಾಹ್ನದೊಳಗೆ ಹಸಿರಾಗುತ್ತದೆ. ಅದೇ ರಭಸ ಬೆರಳ ತುದಿಗೆ ತಾಗಿದರೆ...

ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಅವಳ ಮೇಜಿನ ಮೇಲೆ ಒಬ್ಬ ಮಲಗಿದ್ದ. ಕಬ್ಬಿಣದ ಗೇಟುಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಮೂವತ್ತು ದಾಟಿರಲಿಲ್ಲ. ಬೆರಳಲ್ಲಿ ಸಣ್ಣ ಗಾಯ ಎಂದು ಎಲ್ಲೋ ಪಟ್ಟಿ ಕಟ್ಟಿಸಿಕೊಂಡಿದ್ದ, ಒಂಬತ್ತನೆಯ ದಿನ ನಂಜೇರಿ ಸತ್ತಿದ್ದ. ಸಾವಿಗೆ ಕಾರಣ ತಿಳಿಯದು ಎಂದು ಬರೆದು ಕಳಿಸಿದ್ದರು. ಅವಳು ಕಾರಣ ಸಿಗುವವರೆಗೆ ಕೈ ಬಿಡುವವಳಲ್ಲ. ಬೆರಳಿನಿಂದ ಮೊಣಕೈಯವರೆಗೆ ಚರ್ಮ ಸೀಳಿದಾಗ, ಬೆರಳನ್ನು ಮಡಿಸುವ ಆ ಬಿಳಿಯ ಹುರಿಯ ಹೊದಿಕೆಯೊಳಗೆ, ಮಣಿಕಟ್ಟನ್ನೂ ದಾಟಿ, ಹಳದಿ ಬಣ್ಣ ಹರಿದಿತ್ತು. ಇನ್ನೂ ಒಣಗದ, ಹೊಚ್ಚ ಹೊಸ ಹಳದಿ! ಚುಕ್ಕೆಯಷ್ಟು ಬಾಗಿಲು, ಒಳಗೆ ಅಷ್ಟು ದೂರದ ಪಯಣ. ಎರಡು ಪುಟ ಬರೆದಿದ್ದಳು ಅವಳು. ಪುಟಗಳು ಕಡತಕ್ಕೆ ಹೋದವು. ಸತ್ತವನಿಗೆ ಅದರಿಂದ ಏನೂ ಆಗಲಿಲ್ಲ.

"ಎಷ್ಟು ಹೊತ್ತಿಗೆ ಆಗಿದ್ದು?"

"ಎಂಟೂಕಾಲು ಇರಬೇಕು."

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಐದು ತಾಸು ಆಗಲೇ ಕಳೆದಿತ್ತು.

"ಏಳು. ಸ್ಕೂಟರ್ ಹತ್ತು. ಒಂದು ತುತ್ತೂ ಬಾಯಿಗಿಡಬೇಡ, ಅರಿವಳಿಕೆ ಕೊಡಬೇಕಾಗುತ್ತೆ."

"ಹೊಟ್ಟೆಗಿಲ್ಲದೆ ಎಲ್ಲಿಗೆ ಕರ್ಕೊಂಡು ಹೋಗ್ತೀಯ ಅವನ್ನ?" ಅತ್ತೆ ಬಾಗಿಲಿಗೆ ಅಡ್ಡ ಬಂದರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಎತ್ಕೊಂಡ ಹಾಗಾಯ್ತು! ಕೊಯ್ಯೋದು ಬಿಟ್ರೆ ನಿನಗೆ ಬೇರೆ ಬರುತ್ತಾ ಏನಾದ್ರೂ? ದೊಡ್ಡವನಿಗಿಂತ ನಿನಗೆ ಜಾಸ್ತಿ ಗೊತ್ತಾ? ಅವನು ನೋಡಿದ ಮೇಲೆ ಮುಗೀತು."

"ಅವರು ನೋಡಿಲ್ಲ ಅತ್ತೆ."

"ನೋಡಿಲ್ಲ ಅಂದ್ರೆ?"

"ನೋಡಿದ್ದಿದ್ರೆ ಕಚ್ಚಿದ ಗಾಯ ಅಂತ ಬರೀತಿರಲಿಲ್ಲ."

ಮೈದುನ ಎದ್ದಿರಲಿಲ್ಲ. ಒದ್ದೆಯಾದ ತೊಡೆಯನ್ನು ಬಲಗೈಯಿಂದ ಒರೆಸಿಕೊಳ್ಳುತ್ತಾ ಕೂತಿದ್ದ. "ಮತ್ತೆ ಅಲ್ಲಿಗೆ ಬೇಡ ಅತ್ತಿಗೆ," ಎಂದ ಮೆಲ್ಲಗೆ. "ಒಂದು ಸಲ ಹೋಗಿದ್ದೇ ಹೆಚ್ಚಾಯ್ತು. ಬೇರೆ ಎಲ್ಲಾದ್ರೂ ತೋರಿಸೋಣ."

ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷ ಕಳೆದಿತ್ತು. ಆಸ್ಪತ್ರೆಯ ಹೊಸ ಕಟ್ಟಡ ತೆರೆದ ದಿನ ಅಣ್ಣ ಕನ್ನಡಕ ಮರೆತು ಹೋಗಿದ್ದ. ತಮ್ಮ ಶೆಡ್ಡಿನಿಂದ ಮನೆಗೆ, ಮನೆಯಿಂದ ಅಲ್ಲಿಗೆ ಓಡಿ ತಂದುಕೊಟ್ಟ. ಮೊಣಕೈಯವರೆಗೆ ಬಣ್ಣ. ಆಸ್ಪತ್ರೆಯ ದೊಡ್ಡ ಡಾಕ್ಟರು ಇವರು ಯಾರು ಎಂದು ಕೇಳಿದರು. "ನಮ್ಮ ಮನೆಗೆ ಬಣ್ಣ ಹೊಡೆಯೋರು," ಎಂದುಬಿಟ್ಟ ಅಣ್ಣ. ಸುಳ್ಳೂ ಅಲ್ಲ. ಮನೆಯ ಗೋಡೆಗಳಿಗೆ ಪ್ರತಿಸಲ ಬಣ್ಣ ಹೊಡೆದದ್ದು ಅವನೇ, ಕೂಲಿಯಿಲ್ಲದೆ. ಆದರೆ ನಿಜವನ್ನೇ ಹಾಗೆ ಹೇಳಿ ಒಬ್ಬನನ್ನು ಕೊಲ್ಲಬಹುದಲ್ಲ! ಅಂದಿನಿಂದ ಒಂದೇ ಸೂರಿನಡಿ ಅವರ ಮಾತೆಲ್ಲ ಮೂರನೆಯವರ ಮೂಲಕ. ಉಪ್ಪು ಬೇಕಾದರೂ ಅಮ್ಮನಿಗೆ ಹೇಳಬೇಕು.

ಅವಳು ಮೈದುನನ ಮುಖಕ್ಕೆ ಬಾಗಿದಳು. "ಬೇರೆ ಎಲ್ಲಾದ್ರೂ ಹುಡುಕೋಕೆ ಒಂದು ತಾಸು ಬೇಕು. ಆ ಒಂದು ತಾಸಿಗೆ ನಿನ್ನ ಬೆರಳು ಕೊಡ್ತೀಯ, ಅಂಗೈ ಕೊಡ್ತೀಯ? ಯಾವುದು, ಹೇಳು."

ಅವನು ಎದ್ದ. ಅತ್ತೆಯ ಕೈಯಲ್ಲಿದ್ದ ಸೌಟಿನ ಕೆಳಗೆ ತಲೆ ಬಗ್ಗಿಸಿ ಅವಳ ಹಿಂದೆಯೇ ಹೊರಟ.

ತುರ್ತು ವಿಭಾಗದಲ್ಲಿ ಗಂಡ ಒಬ್ಬ ಮುದುಕನ ಹಣೆಗೆ ಹೊಲಿಗೆ ಹಾಕುತ್ತಿದ್ದ. ಹೆಂಡತಿ ಮುಂಬಾಗಿಲಿನಿಂದ ಬಂದದ್ದೇ ಅವನಿಗೆ ಆಶ್ಚರ್ಯ. ಅವಳ ಹಿಂದಿದ್ದ ತಮ್ಮನನ್ನು ಕಂಡು ಕಣ್ಣು ಮತ್ತೆ ಸೂಜಿಗೆ ಇಳಿಯಿತು.

"ಏನಂತೆ?" ಎಂದ, ನರ್ಸಿನ ಕಡೆ ತಿರುಗಿ.

"ಸಿಸ್ಟರನ್ನ ಕೇಳಬೇಡಿ, ನನ್ನನ್ನ ಕೇಳಿ," ಎಂದಳು ಅವಳು. "ಬೆಳಿಗ್ಗೆ ಏನು ಕಚ್ಚಿತು ಅಂತ ಕೇಳಿದ್ರಾ?"

"ಸಿಸ್ಟರ್ ರಿಜಿಸ್ಟರಲ್ಲಿ ಕಚ್ಚಿತು ಅಂತ ಬರೆದಿತ್ತು. ಚುಕ್ಕೆ ಇತ್ತು. ಜೇನೋ, ಕಣಜವೋ..."

"ಬರೆದಿತ್ತು ಅಂತೀರಲ್ಲ. ಕೇಳಿದ್ರಾ?"

ನರ್ಸಮ್ಮನ ಮುಖ ಬಿಳುಚಿತು. ಇಪ್ಪತ್ತು ವರ್ಷ ಆ ಬಾಗಿಲಲ್ಲಿ ಕೂತವರು. "ನಾನೇ ಮೇಡಂ ಬರ್ಕೊಂಡಿದ್ದು. ಸಾರ್ ಆ ಕಡೆ ನಿಂತಿದ್ರು, ಇವರು ಈ ಕಡೆ. ಏನಾಯ್ತು ಕೇಳಿ ಅಂದ್ರು ಸಾರ್. ಕಚ್ಚಿಬಿಡ್ತು ಅಂತ ಹೇಳಿ ಅಂದ್ರು ಇವರು. ಅಣ್ಣ ತಮ್ಮ ಅಂತ ಗೊತ್ತು... ಏನು ಕಚ್ಚಿತು ಅಂತ ಸಾರೇ ಕೇಳ್ತಾರೆ ಅನ್ಕೊಂಡೆ."

"ಕಚ್ಚಿದ್ದು ಗನ್ನು ರೀ! ಬಣ್ಣದ ಗನ್ನು!"

ಹೊಲಿಗೆಯ ದಾರ ಗಂಡನ ಕೈಯಲ್ಲಿ ನಿಂತಿತು. ಅವನು ಕೆಟ್ಟ ಡಾಕ್ಟರಲ್ಲ. ಆ ಒಂದು ಪದ ಕೇಳಿದ ಕೂಡಲೇ ಅವನ ಕಣ್ಣಿಗೆ ಇಡೀ ಬೆರಳು ಒಳಗಿನಿಂದ ಕಂಡಿತು. ಅವನಿಗೆ ಕಂಡದ್ದು ಅವಳಿಗೂ ಗೊತ್ತಾಯಿತು. ಸೂಜಿಯನ್ನು ಪಕ್ಕದವರ ಕೈಗೆ ಕೊಟ್ಟು ಎದ್ದ. ಎರಡು ಹೆಜ್ಜೆ ಬಂದು ತಮ್ಮನ ಮುಂದೆ ನಿಂತ. ಬೆಳಿಗ್ಗೆ ಇಷ್ಟೇ ದೂರದಲ್ಲಿ ನಿಂತಿದ್ದನಂತೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ. ಈಗ ಕೈ ಚಾಚಿ ಬೆರಳನ್ನು ಹಿಡಿದ. ಒತ್ತಿದ. ಎಣಿಸಿದ. ಬಿಡುವುದನ್ನು ಮರೆತೇ ನಿಂತುಬಿಟ್ಟ.

"ಎಕ್ಸ್‌ರೇ," ಎಂದ ಕೊನೆಗೆ. "ಕೈಯ ಸರ್ಜನ್ನಿಗೆ ಫೋನ್ ಮಾಡಿ. ಈಗಲೇ... ಈಗಲೇ!"

ಎಕ್ಸ್‌ರೇಯಲ್ಲಿ ಬೆರಳ ಮೂಳೆಯ ಪಕ್ಕದಲ್ಲಿ ಯಾರೋ ರವೆ ಚೆಲ್ಲಿದ ಹಾಗೆ ಬಿಳಿಯ ಕಣಗಳು, ತುದಿಯಿಂದ ಅಂಗೈಯ ನಡುವಿನವರೆಗೆ. ಎರಡೂಮುಕ್ಕಾಲಿಗೆ ಚಾಕು ಇಟ್ಟರು. ಅವಳು ಶಸ್ತ್ರಚಿಕಿತ್ಸೆಯ ಕೋಣೆಯ ಗಾಜಿನ ಹೊರಗೆ ನಿಂತಿದ್ದಳು. ಹಸಿರು. ಬಸ್ಸಿನ ಹಸಿರು. ಸರ್ಜನ್ ಒರೆಸಿದಷ್ಟೂ ಬರುತ್ತಿತ್ತು. ಸತ್ತವನ ಕೈಯಲ್ಲಿ ಬಣ್ಣ ಸುಮ್ಮನೆ ಬಿದ್ದಿತ್ತು. ಬದುಕಿದವನ ಕೈಯಲ್ಲಿ ಅದು ರಕ್ತದೊಡನೆ ಕಲೆತು ಹೊರಬರುತ್ತಿತ್ತು. ಹನ್ನೆರಡು ವರ್ಷದ ಕೆಲಸದಲ್ಲಿ ಮೊದಲ ಬಾರಿ ಅವಳಿಗೆ ಕೊಯ್ದ ಮೈಯನ್ನು ನೋಡಿ ತಲೆ ಸುತ್ತಿತು. ಗೋಡೆ ಹಿಡಿದು ಅಲ್ಲೇ ಕೂತಳು. ಪಕ್ಕದಲ್ಲಿ ಗಂಡ ಆಗಲೇ ನೆಲದ ಮೇಲೆ ಕೂತಿದ್ದ.

ಮೂರನೆಯ ದಿನ ಬೆರಳು ಕಪ್ಪಾಯಿತು. ತೆಗೆದರು. ಅಂಗೈ ಉಳಿಯಿತು, ಉಳಿದ ನಾಲ್ಕು ಬೆರಳು ಉಳಿದವು.

"ಇನ್ನೊಂದು ಆರು ತಾಸು ಬಿಟ್ಟಿದ್ರೆ ಕೈಯೇ ಇರ್ತಿರಲಿಲ್ಲ," ಎಂದರು ಸರ್ಜನ್. ಸ್ವಲ್ಪ ತಡೆದು, ಗಂಡನ ಮುಖ ನೋಡದೆ, "ಬೆಳಿಗ್ಗೆ ಒಂಬತ್ತಕ್ಕೇ ನನ್ನ ಹತ್ತಿರ ಬಂದಿದ್ರೆ ಬೆರಳೂ ಉಳೀತಿತ್ತೇನೋ," ಎಂದರು.

ಆ 'ಏನೋ' ಮನೆಯೊಳಗೆ ಹೊಕ್ಕು ಕೂತಿತು.

ಇಬ್ಬರು ಮಕ್ಕಳಲ್ಲಿ ಯಾಕೆ ಹೀಗೆ ಭೇದ ಎಂದು ಯಾರಾದರೂ ಕೇಳಿದರೆ, ಐದು ಬೆರಳೂ ಒಂದೇ ಸಮ ಇರುತ್ತಾ ಎನ್ನುವುದು ಅತ್ತೆಯ ಮಾತು. ಪಟ್ಟಿ ಬಿಚ್ಚಿದ ದಿನ ವಾರ್ಡಿನಲ್ಲಿ ಮೈದುನ ಕೈ ಎತ್ತಿ ತೋರಿಸಿದ. "ಈಗ ನಾಲ್ಕೇ ಅಮ್ಮ. ನೋಡು, ಸಮ ಮಾಡೋದು ಸುಲಭ ಆಯ್ತು." ಅವನು ನಗಿಸಲೆಂದೇ ಹೇಳಿದ್ದು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು.

ಅದೇ ಮಧ್ಯಾಹ್ನ ಅವರು ಶವಾಗಾರದ ಬಾಗಿಲಿಗೆ ಬಂದರು.

ಅವಳು ತನ್ನ ಚಿಕ್ಕ ಕೋಣೆಯಲ್ಲಿ ವರದಿ ಬರೆಯುತ್ತಿದ್ದಳು. ಹೊಸ್ತಿಲಾಚೆ ಅತ್ತೆಯ ಚಪ್ಪಲಿ ಕಂಡು ಎದ್ದು ನಿಂತಳು. ಹನ್ನೊಂದು ವರ್ಷದಲ್ಲಿ ಈ ಓಣಿಯ ಹೆಸರೆತ್ತಿದರೂ ಮೂಗು ಮುಚ್ಚುತ್ತಿದ್ದವರು! ಒಳಗೆ ಬಂದು, ಕುರ್ಚಿಯ ಅಂಚಿನಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಹಿಸುಕಿಕೊಂಡರು.

"ನಾಳೆ ದೊಡ್ಡವನ ಮೇಲೆ ವಿಚಾರಣೆಯಂತೆ."

"ಹೌದು ಅತ್ತೆ."

"ಕೆಲಸದಿಂದ ತೆಗೀತಾರಾ ಅವನ್ನ?"

"ಗೊತ್ತಿಲ್ಲ. ಕೆಲವು ದಿನ ಹೊರಗಿಡಬಹುದು. ವಿಭಾಗದ ಮುಖ್ಯಸ್ಥನ ಜಾಗಕ್ಕೆ ಅವರ ಹೆಸರಿತ್ತಲ್ಲ, ಅದಂತೂ ಸಿಗಲ್ಲ."

"ನೀನು ಗಾಯ ಓದಿದೋಳು. ನಿನ್ನ ಮಾತು ಕೇಳ್ತಾರೆ. ಹುಳ ಕಚ್ಚಿದ್ದೂ ಗನ್ ಕಚ್ಚಿದ್ದೂ ನೋಡೋಕೆ ಒಂದೇ ಥರ ಇರುತ್ತೆ ಅಂತ ಹೇಳು. ಸಣ್ಣವನು ಒಪ್ಪಿದಾನೆ. ಹುಳ ಕಚ್ಚಿತು ಅಂತ್ಲೇ ನಾನು ಹೇಳಿದ್ದೆ ಅಂತಾನೆ ಅವನು. ಪಾಪ, ಕೇಳಿದ ತಕ್ಷಣ ಹ್ಞೂಂ ಅಂದ... ನಾನು ಅವನಿಗೆ ಏನೂ ಮಾಡಿದೋಳಲ್ಲ ಕಣೇ. ಆದ್ರೂ ಹ್ಞೂಂ ಅಂದ."

ಸೊಸೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಬ್ಬ ಮಗನ ಬೆರಳು ಹೋಗಿದೆ, ಇನ್ನೊಬ್ಬನ ಹೆಸರು ಹೋಗುತ್ತಿದೆ. ಹೆಸರನ್ನಾದರೂ ಹಿಡಿದುಕೊಳ್ಳಲು ಈ ಹೆಂಗಸು ಹೆಣಗಳ ನಡುವೆ ನಡೆದು ಬಂದಿದ್ದಾಳೆ. ಸೊಸೆ ಒಂದು ಲೋಟ ನೀರು ಮುಂದಿಟ್ಟಳು.

"ನೋಡೋಕೆ ಒಂದೇ ಥರ ಇರುತ್ತೆ ಅತ್ತೆ. ಅದು ನಿಜ. ಮುಟ್ಟಿದ್ರೆ ಬೇರೆ. ಕೇಳಿದ್ರೆ ಇನ್ನೂ ಬೇರೆ."

"ಅಷ್ಟು ಹೇಳಬೇಡ! ಮೊದಲಿಂದು ಮಾತ್ರ ಹೇಳು."

"ನಾಲ್ಕು ವರ್ಷದ ಹಿಂದೆ ಒಬ್ಬ ಇಲ್ಲಿಗೆ ಬಂದಿದ್ದ," ಎಂದಳು ಅವಳು, ಪಕ್ಕದ ಕೋಣೆಯ ಕಡೆ ತಲೆಯಾಡಿಸಿ. "ಅವನ ಚೀಟಿಯಲ್ಲಿ ಸಣ್ಣ ಗಾಯ ಅಂತ ಬರೆದಿತ್ತು. ಯಾರದೋ ಕೆಲಸ ಉಳೀಲಿ ಅಂತ ಆ ಚೀಟಿ ಹಾಗೇ ಉಳೀತು. ಅವನ ಗಾಯ ಪಟ್ಟಿ ಕಟ್ಟಿದ ಆಸ್ಪತ್ರೆಯ ಒಬ್ಬ ಡಾಕ್ಟರಿಗೂ ಪಾಠ ಆಗಲಿಲ್ಲ. ನಿಮ್ಮ ಸಣ್ಣವನ ಶೆಡ್ಡಲ್ಲಿ ಇನ್ನೂ ಹನ್ನೊಂದು ಜನ ಇದಾರೆ ಅತ್ತೆ. ಎಲ್ಲರೂ ಕಚ್ಚಿತು ಅಂತ್ಲೇ ಹೇಳ್ತಾರೆ. ಹುಳ ಅಂತ ಬರೆದಿಟ್ರೆ, ನಾಳೆ ಬರೋನಿಗೂ ಮಾತ್ರೆನೇ."

"ಆ ಹನ್ನೊಂದು ಜನಕ್ಕೆ ತಾಯಂದಿರಿಲ್ವಾ? ಅವರು ನೋಡ್ಕೊಳ್ಳಲಿ!" ಅತ್ತೆ ಚೀರಿದರು. ಹೇಳಿದ ಮೇಲೆ ತಾವೇ ಬೆಚ್ಚಿ, ಕಣ್ಣು ಮುಚ್ಚಿಕೊಂಡರು. ನೀರನ್ನು ಕುಡಿದರು. "ನಿನ್ನ ಗಂಡನಮ್ಮಾ ಅವನು..."

"ಗೊತ್ತು. ಅದಕ್ಕೇ ನಾನು ನಾಳೆ ಅಲ್ಲಿ ಕೂರಲ್ಲ. ಅವರ ಹೆಂಡತಿ ಹೇಳೋದನ್ನ ಯಾರೂ ಸಾಕ್ಷಿ ಅಂತ ತಗೋಬಾರದು. ಅವರು ಏನು ಬರೀತಾರೋ ಅದೇ."

ಹೇಳುವುದೇನೋ ಹೇಳಿದಳು. ಆದರೆ ಅವನು ಏನು ಬರೆಯುತ್ತಾನೆ? ಬೆರಳು ತೆಗೆದ ದಿನದಿಂದ ಅವನು ಮನೆಯಲ್ಲಿ ಊಟ ಮಾಡಿರಲಿಲ್ಲ, ಅವಳೊಡನೆ ನಾಲ್ಕು ಮಾತಾಡಿರಲಿಲ್ಲ. ಬೆಳಗಾದರೆ ತಮ್ಮನ ವಾರ್ಡಿನ ಬಾಗಿಲವರೆಗೆ ಹೋಗಿ, ಅಲ್ಲಿಂದ ನರ್ಸಿನ ಹತ್ತಿರ ಜ್ವರ ಎಷ್ಟು ಕೇಳಿ, ಹಿಂದಿರುಗುತ್ತಿದ್ದ.

ಸಂಜೆ ಆರಕ್ಕೆ ಅವನು ವಾರ್ಡಿನ ಒಳಗೆ ಬಂದ. ಕೈಯಲ್ಲಿ ಕಡತ. ವಿಚಾರಣೆಗೆ ಮುನ್ನ 'ಗಾಯ ಆದ ಬಗೆ' ಎಂಬ ಪುಟವನ್ನು ಗಾಯಗೊಂಡವನಿಂದಲೇ ಕೇಳಿ ಮತ್ತೆ ಬರೆದು ಸಹಿ ಹಾಕಬೇಕು; ದೊಡ್ಡ ಡಾಕ್ಟರ ಅಪ್ಪಣೆ. ಅತ್ತೆ ತಲೆದೆಸೆಯಲ್ಲಿ ಕೂತಿದ್ದರು. ಅವಳು ಕಿಟಕಿಯ ಬಳಿ ನಿಂತಿದ್ದಳು. ಗಂಡ ಕುರ್ಚಿ ಎಳೆದುಕೊಂಡು ಕೂತ, ಪೆನ್ನಿನ ಮುಚ್ಚಳ ತೆಗೆದ. ನರ್ಸಮ್ಮ ರೂಢಿಯಂತೆ ನಡುವೆ ಬಂದು ನಿಂತರು.

"ಸಿಸ್ಟರ್, ನೀವು ಹೋಗಿ," ಎಂದ ಅವನು.

ನರ್ಸಮ್ಮ ಹೋದರು. ಈಗ ಅಣ್ಣ ತಮ್ಮನ ನಡುವೆ ಯಾರೂ ಇರಲಿಲ್ಲ. ಗಂಡ ಕಡತದ ಅಂಚನ್ನು ನೆಟ್ಟಗೆ ಮಾಡಿದ, ಮತ್ತೆ ಮಾಡಿದ.

ಮೈದುನನೇ ಮೊದಲು ಮಾತಾಡಿದ. ಎರಡು ವರ್ಷದ ಮೇಲೆ, ನೇರವಾಗಿ, ಅಣ್ಣನ ಕಣ್ಣನ್ನೇ ನೋಡಿ.

"ಅಣ್ಣಾ... ಹುಳ ಅಂತ್ಲೇ ಬರ್ಕೋ."

ಗಂಡ ಪೆನ್ನನ್ನು ಕಾಗದದಿಂದ ಮೇಲೆತ್ತಿದ.

"ನಿಜವಾಗ್ಲೂ ಹೇಳ್ತಿದೀನಿ. ನಾನೇ ಹುಳ ಅಂದೆ ಅಂತ ಬರ್ಕೋ, ಸಹಿ ಹಾಕ್ತೀನಿ. ಬಲಗೈ ನೆಟ್ಟಗಿದೆ," ಮೈದುನ ನಗಲು ನೋಡಿದ, ಆಗಲಿಲ್ಲ. "ಗನ್ ಹಿಡಿಯೋದು ಬಲಗೈಲಿ. ನನ್ನ ಕೆಲಸ ಏನೂ ಹೋಗಲ್ಲ. ನಿಂದು ಹೋಗಬಾರದು. ಆವತ್ತು ನಾನೂ ನೆಟ್ಟಗೆ ಹೇಳಲಿಲ್ಲ ಅಲ್ವಾ? ನೀನು ಸಿಸ್ಟರ್ ಕಡೆ ತಿರುಗಿ ಕೇಳಿದೆ, ನನಗೆ ಉರಿದುಹೋಯ್ತು. ಕಚ್ಚಿತು ಅಂದೆ, ಬಾಯಿ ಮುಚ್ಕೊಂಡೆ. ಇನ್ನೊಂದು ಮಾತು ಹೇಳಿದ್ರೆ ಸೋತ ಹಾಗೆ ಅನ್ಕೊಂಡೆ... ತಪ್ಪು ಇಬ್ಬರದೂ. ಬರ್ಕೋ ಅಣ್ಣಾ."

"ಬರ್ಕೋ ಕಣೋ," ಎಂದರು ಅತ್ತೆ, ಉಸಿರಿನಲ್ಲಿ. "ಅವನೇ ಕೊಡ್ತಿದಾನೆ. ತಗೋ."

ಅವಳು ಕಿಟಕಿಯ ಕಂಬಿಯನ್ನು ಹಿಡಿದಳು. ಅವನು ಈಗ ತಲೆಯಾಡಿಸಿದರೆ ಎಲ್ಲವೂ ಮೊದಲಿನಂತೆ ಆಗುತ್ತದೆ: ಅವನ ಕೆಲಸ, ಅತ್ತೆಯ ಹೆಮ್ಮೆ, ಮೇಲಾಗಿ ಅಣ್ಣತಮ್ಮಂದಿರ ಮಾತು. ಕಾಗದದ ಮೇಲೆ ಒಂದೇ ಒಂದು ಪದ ಬೇಕು, ಅದೂ ಪ್ರೀತಿಯಿಂದ ಕೊಟ್ಟದ್ದು. ಆದರೆ ಆಮೇಲೆ ಅವನ ಮುಖವನ್ನು ತಾನು ಹೇಗೆ ನೋಡಲಿ? ಹಿಂಬಾಗಿಲಿನಿಂದ ನಾಳೆ ಯಾರನ್ನಾದರೂ ಹೊತ್ತು ತಂದರೆ, ಆ ಬೆರಳನ್ನು ತಾನು ಹೇಗೆ ತೆರೆಯಲಿ? ಬರೆಯಬೇಡಿ ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಇದು ಅವನೊಬ್ಬನೇ ಬಾಯಿ ಬಿಡಬೇಕಾದ ಮಾತು.

ಗಂಡ ಕಡತವನ್ನು ಮಂಚದ ಮೇಲಿಟ್ಟ. ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡ. ಅವನ ಕಣ್ಣಿಂದ ನೀರು ಇಳಿದು ಗದ್ದದವರೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಅಮ್ಮನ ಮಾತು ಕೇಳು ಅಣ್ಣಾ," ಎಂದ ತಮ್ಮ. "ನಾನು ಮನಸಾರೆ ಹೇಳ್ತಿರೋದು. ಹುಳ ಅಂತ ಬರಿ."

"ಬರೆಯಲ್ಲ," ಎಂದ ಅಣ್ಣ. "ಈಗ ನಾನೇ ಕೇಳ್ತಿದೀನಿ, ಏನು ಕಚ್ಚಿತು ನಿನಗೆ?"